ಟ್ಯಾಂಕ್‌ಗೆ ಆಳು ಇಳಿಸೋದು ನಿಲ್ಲಬೇಕು: ಅಕ್ಕಪಕ್ಕದವರನ್ನು ಹೇಗೆ ಒಪ್ಪಿಸಿದಿರಿ?

ಪ್ರಶ್ನೆ: ನಾನಿರೋದು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್‌ನಲ್ಲಿ. ಎಸ್‌ಟಿಪಿ (ಕೊಳಚೆ ನೀರು ಶುದ್ಧಮಾಡುವ ಘಟಕ) ಟ್ಯಾಂಕ್ ತೊಳೆಯಲು ಇಲ್ಲಿ ಈಗಲೂ ಬರಿಗೈಯಲ್ಲಿ ಆಳು ಇಳಿಸುತ್ತಾರೆ. ಗ್ರೂಪಿನಲ್ಲಿ ಬರೆದರೆ 'ಪಾಪ' ಅನ್ನುತ್ತಾರೆ, ಮೀಟಿಂಗ್‌ಗೆ ಯಾರೂ ಬರೋದಿಲ್ಲ. ನಿಮ್ಮ ಕಡೆ ಜನರನ್ನು ಹೇಗೆ ಸೇರಿಸಿದಿರಿ?

ಮೈಸೂರಿನಿಂದ: ಮೇಡಂ, ನಮ್ಮಲ್ಲೂ ಹೀಗೇ ಇತ್ತು. 'ಅಮಾನವೀಯ' ಅಂದಾಗ ಎಲ್ಲರೂ ತಲೆಯಾಡಿಸಿ ಸುಮ್ಮನಾದರು. ಸಾವು ಹೇಗೆ ಬರುತ್ತೆ ಅಂತ ಬಿಡಿಸಿ ಹೇಳಿದಾಗಲೇ ಕಿವಿಗೊಟ್ಟಿದ್ದು. ಗುಂಡಿಯೊಳಗೆ ಹೈಡ್ರೋಜನ್ ಸಲ್ಫೈಡ್ ಅನ್ನೋ ವಿಷಾನಿಲ ಕಟ್ಟಿಕೊಂಡಿರುತ್ತದೆ. ಸ್ವಲ್ಪ ಇದ್ದರೆ ಕೊಳೆತ ಮೊಟ್ಟೆಯ ವಾಸನೆ. ಜಾಸ್ತಿಯಾದರೆ ಮೂಗಿಗೆ ವಾಸನೆಯೇ ಹತ್ತೋದಿಲ್ಲ. ಇಳಿದವರು 'ಈಗ ಪರವಾಗಿಲ್ಲ' ಅಂದುಕೊಳ್ಳುವಷ್ಟರಲ್ಲಿ ಪ್ರಜ್ಞೆ ತಪ್ಪಬಹುದು. ಎತ್ತಲು ಇನ್ನೊಬ್ಬರು ಇಳಿಯುತ್ತಾರೆ, ಅವರೂ ಬೀಳುತ್ತಾರೆ. ಒಂದೇ ಗುಂಡಿಯಲ್ಲಿ ಇಬ್ಬರು ಮೂವರು ಸಾಯೋದು ಹೀಗೆ. 'ಅವರಿಗೆ ಅಭ್ಯಾಸ ಇರುತ್ತೆ ಬಿಡಿ' ಅನ್ನುತ್ತಿದ್ದ ಹಿರಿಯರೊಬ್ಬರು ಇದನ್ನು ಕೇಳಿ, ಸಕ್ಕಿಂಗ್ ಮಷಿನ್ ಗಾಡಿ ಗೊತ್ತು ಮಾಡಲು ತಾವೇ ಓಡಾಡಿದರು.

ಕಾನೂನನ್ನೂ ಓದಿ ಹೇಳಿ. ಮಲ ಬಾಚುವ ಕೆಲಸಕ್ಕೆ ಜನರನ್ನು ಹಚ್ಚೋದನ್ನು ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ರಕ್ಷಣಾ ಸಲಕರಣೆ ಕೊಡದೆ ಯಾರನ್ನೂ ಸೆಪ್ಟಿಕ್ ಟ್ಯಾಂಕ್‌ಗೆ, ಒಳಚರಂಡಿಗೆ ಇಳಿಸುವಂತಿಲ್ಲ. ಬೇರೆಯವರ ಮೂಲಕ ಇಳಿಸಿದರೂ ತಪ್ಪೇ. ಮೊದಲ ಸಲವೇ 2 ವರ್ಷದವರೆಗೆ ಜೈಲು, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ತುಮಕೂರಿನಿಂದ: ಬರೀ ಜೈಲಿನ ಮಾತಾಡಿದರೆ ಸಾಲದು ಸರ್. ನಮ್ಮ ಬಡಾವಣೆಯಲ್ಲಿ ಹೆದರಿದವರು ಕದ್ದುಮುಚ್ಚಿ ರಾತ್ರಿ ಇಳಿಸತೊಡಗಿದರು. ಅದು ಇನ್ನೂ ಅಪಾಯ ಅಲ್ವಾ? ಕೊನೆಗೆ ಕೈ ಹಿಡಿದಿದ್ದು ಕೆಲಸ ಹಂಚಿದ್ದು. ಮಷಿನ್ ಗಾಡಿಯ ನಂಬರ್ ಒಬ್ಬರ ಹತ್ತಿರ. ಗುತ್ತಿಗೆ ಪತ್ರಕ್ಕೆ 'ಆಳು ಇಳಿಸುವಂತಿಲ್ಲ' ಅನ್ನೋ ಸಾಲು ಸೇರಿಸೋದು ಇನ್ನೊಬ್ಬರಿಗೆ. ಟ್ಯಾಂಕ್ ತೆರೆಯುವ ದಿನ ಪಕ್ಕದಲ್ಲಿ ನಿಲ್ಲೋದು ಮತ್ತಿಬ್ಬರಿಗೆ. 'ಬೆಂಬಲ ಕೊಡಿ' ಅಂದಾಗ ಬಾರದವರು 'ಶನಿವಾರ ಹತ್ತಕ್ಕೆ ಗೇಟ್ ಹತ್ತಿರ ಬನ್ನಿ' ಅಂದಾಗ ಬಂದರು. ಒಂದು ವಿನಂತಿ: ಸತ್ತವರ ಫೋಟೊ ಹಾಕಬೇಡಿ. ಆ ಮನೆಯವರ ಮರ್ಯಾದೆ ಮುಖ್ಯ.

ಕೆಜಿಎಫ್‌ನಿಂದ: ನಮ್ಮೂರಿನವರೇ ಆದ ಬೆಜವಾಡ ವಿಲ್ಸನ್ ಅವರ ದಾರಿ ನೋಡಿ. ಮಲ ಬಾಚುವ ಕೆಲಸ ಮಾಡುತ್ತಿದ್ದ ಮನೆಯಲ್ಲೇ ಹುಟ್ಟಿದವರು. ಅವರ ಸಫಾಯಿ ಕರ್ಮಚಾರಿ ಆಂದೋಲನದಲ್ಲಿ ಆ ಕೆಲಸ ಮಾಡುತ್ತಿದ್ದ ಹೆಂಗಸರೇ ಮಲ ಹೊರುವ ಬುಟ್ಟಿ ಸುಟ್ಟು ಮುಂದೆ ನಿಂತರು. 2003ರಲ್ಲಿ ಅದೇ ಆಂದೋಲನ ಸುಪ್ರೀಂ ಕೋರ್ಟ್‌ಗೆ ಹೋಯಿತು. 2014ರ ತೀರ್ಪಿನಲ್ಲಿ ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಅಂತಾಯಿತು. 2023ರಲ್ಲಿ ಕೋರ್ಟ್ ಅದನ್ನು 30 ಲಕ್ಷಕ್ಕೆ ಏರಿಸಿತು. ಹಾಗಾಗಿ ನಿಮ್ಮ ಮೀಟಿಂಗ್‌ಗೆ ಕೆಲಸದವರನ್ನೂ ಕರೆಯಿರಿ. ಅವರು ಮಾತಾಡಲಿ, ನೀವು ಪಕ್ಕದಲ್ಲಿರಿ. ಆ ದಿನದ ಕೂಲಿ ಮಾತ್ರ ತಪ್ಪದೆ ಕೊಡಿ.

ಹುಬ್ಬಳ್ಳಿಯಿಂದ: 'ಮಷಿನ್ ಬಂದರೆ ಅವರ ಹೊಟ್ಟೆಪಾಡು?' ಅಂತ ಯಾರಾದರೂ ಕೇಳೇ ಕೇಳುತ್ತಾರೆ ಅಕ್ಕಾ. ತಳ್ಳಿಹಾಕಬೇಡಿ, ಅದು ನ್ಯಾಯವಾದ ಪ್ರಶ್ನೆ. ನಾವು ಅದನ್ನು ಆ ಕೆಲಸಗಾರರನ್ನೇ ಕೇಳಿದೆವು. ಪೈಪ್ ಹಿಡಿಯುವ ಕೆಲಸ ನಮಗೇ ಕೊಡಿ, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಮಾಡಿಸಿ ಅಂದರು. ಇವೆರಡನ್ನೂ ಗುತ್ತಿಗೆಯಲ್ಲೇ ಬರೆಸಿದೆವು. ಮೇಂಟೆನೆನ್ಸ್ ಸ್ವಲ್ಪ ಏರಿತು. ಯಾಕೆ ಏರಿತು ಅಂತ ಲೆಕ್ಕದ ಚೀಟಿಯನ್ನು ಲಿಫ್ಟ್ ಪಕ್ಕ ಅಂಟಿಸಿದ ಮೇಲೆ ಯಾರೂ ತಕರಾರು ತೆಗೆಯಲಿಲ್ಲ.