ಹಳೆಯ ಬೆಟ್ಟಕ್ಕೆ ವಾಪಸ್ ಹೋದರೆ ಗಂಟಲು ಯಾಕೆ ಕಟ್ಟುತ್ತದೆ?

ಪ್ರಶ್ನೆ: 11 ವರ್ಷದ ಮೇಲೆ ಅದೇ ಬೆಟ್ಟ ಹತ್ತಿದೆ. ದೂರದಿಂದ ನೋಡಿದಾಗ ಏನೂ ಅನ್ನಿಸಲಿಲ್ಲ. ಮೂರನೇ ತಿರುವಿನಲ್ಲಿ ಒದ್ದೆ ಮಣ್ಣಿನ ವಾಸನೆ ಬಂತು ನೋಡಿ, ಕಣ್ಣು ತುಂಬಿತು. ಅಪ್ಪ ದಣಿವಾರಿಸಿಕೊಳ್ಳುತ್ತಿದ್ದ ಬಂಡೆ ಯಾಕೋ ಚಿಕ್ಕದಾಗಿ ಕಂಡಿತು. ನಿಮಗೂ ಹೀಗೆ ಆಗಿದೆಯಾ?

ಉತ್ತರ 1: ವಾಸನೆಯದೇ ಕೆಲಸ. ಮೂಗಿನ ಸುದ್ದಿ ಮಿದುಳಿನಲ್ಲಿ ನೆನಪು, ಭಾವನೆಯ ಭಾಗಗಳಿಗೆ ಹೆಚ್ಚು ನೇರವಾಗಿ ತಲುಪುತ್ತದೆ. ಬಂಡೆ ಅಷ್ಟೇ ಇದೆ, ನೀವು ಬೆಳೆದಿದ್ದೀರಿ ಅಲ್ವಾ!

ಉತ್ತರ 2: ‘ನಾಸ್ಟಾಲ್ಜಿಯಾ’ ಪದ ಹುಟ್ಟಿದ್ದೇ ಬೆಟ್ಟದ ನಾಡಿನಲ್ಲಿ. 1688ರಲ್ಲಿ ಸ್ವಿಟ್ಜರ್ಲೆಂಡಿನ ಯೋಹಾನೆಸ್ ಹೋಫರ್ ತನ್ನ ವೈದ್ಯಕೀಯ ಪ್ರಬಂಧದಲ್ಲಿ ಊರಿನ ಹಂಬಲಕ್ಕೆ ಈ ಹೆಸರಿಟ್ಟ. ಆಗ ಅದು ಕಾಯಿಲೆ!

ಕೇಳಿದವರು: ಕಾಯಿಲೆಯೇ ಇರಲಿ ಬಿಡಿ. ಮುಂದಿನ ಮಳೆಗೆ ಮತ್ತೆ ಹೋಗುತ್ತೇನೆ. ಬಂಡೆ ಅಳೆಯೋಕೆ ಟೇಪ್ ಒಯ್ಯುತ್ತೇನೆ, ನಂಬಿಕೆಯಿಲ್ಲ ನನಗೆ.