ಅರ್ಧ ಹೊಂದಾಣಿಕೆಯ ದಾನಿಯಿಂದ ಕಾಂಡಕೋಶ ಕಸಿ: ಅನುಭವವಿರುವವರು ತಿಳಿಸಿ

ಪ್ರಶ್ನೆ: ನಮ್ಮ ಏಳು ವರ್ಷದ ಮಗಳಿಗೆ ಥಲಸ್ಸೀಮಿಯಾ ಮೇಜರ್ (ಪದೇಪದೇ ರಕ್ತ ಹಾಕಿಸಬೇಕಾಗುವ ಆನುವಂಶಿಕ ರಕ್ತದ ಕಾಯಿಲೆ) ಇದೆ. ಎಚ್‌ಎಲ್‌ಎ (ದಾನಿಯ ಮತ್ತು ರೋಗಿಯ ಕೋಶಗಳು ಹೊಂದುತ್ತವೆಯೇ ಎಂದು ತಿಳಿಸುವ ಕೋಶದ ಗುರುತುಗಳು) ಪರೀಕ್ಷೆಯಲ್ಲಿ ಅವಳ ಅಣ್ಣನದು ಹೊಂದಲಿಲ್ಲ, ತಂದೆಯದು ಅರ್ಧ ಹೊಂದಿದೆ. ಆದರೆ ಅವರ ರಕ್ತದ ಗುಂಪು ಬೇರೆ. ಕಾಂಡಕೋಶಗಳ, ಅಂದರೆ ರಕ್ತ ಹುಟ್ಟಿಸುವ ಮೂಲ ಕೋಶಗಳ, ಕಸಿಗೆ ಮುಂಚೆ ಏನು ಕೇಳಬೇಕು, ಆಮೇಲೆ ಯಾವುದಕ್ಕೆ ಎಚ್ಚರವಾಗಿರಬೇಕು?

ಉತ್ತರ 1: ಅಕ್ಕ, ಅಣ್ಣನದು ಹೊಂದಲಿಲ್ಲವೆಂದು ಎದೆಗುಂದಬೇಡಿ; ಒಡಹುಟ್ಟಿದವರಲ್ಲೂ ಪೂರ್ತಿ ಹೊಂದುವ ಸಾಧ್ಯತೆ ಶೇಕಡಾ 25 ಮಾತ್ರ. ದಾತ್ರಿ, ಡಿಕೆಎಂಎಸ್ ಮುಂತಾದ ದಾನಿಗಳ ನೋಂದಣಿಗಳಲ್ಲಿ ಹುಡುಕಿಸಿದ್ದಾರೆಯೇ ಎಂದು ಮೊದಲು ವಿಚಾರಿಸಿ. ನಮ್ಮ ಮಗನಿಗೆ ಕೊನೆಗೆ ತಂದೆಯ ಕೋಶಗಳನ್ನೇ ಹಾಕಿದರು. ವರ್ಷಗಟ್ಟಲೆ ರಕ್ತ ಹಾಕಿಸಿಕೊಂಡ ಮಕ್ಕಳಲ್ಲಿ ದಾನಿಯ ಎಚ್‌ಎಲ್‌ಎ ವಿರುದ್ಧ ಪ್ರತಿಕಾಯಗಳು ಬೆಳೆದಿರಬಹುದು, ಅವು ಹೆಚ್ಚಿದ್ದರೆ ಕಸಿ ಹಿಡಿಯದೆಯೂ ಹೋಗಬಹುದು. ಆದ್ದರಿಂದ ಆ ಪರೀಕ್ಷೆಯನ್ನು ತಪ್ಪದೆ ಮಾಡಿಸಿ. ಇದೇ ಕಾರಣಕ್ಕೆ, ಎಷ್ಟೇ ಪ್ರೀತಿಯಿಂದ ಮುಂದೆ ಬಂದರೂ, ಹತ್ತಿರದ ಸಂಬಂಧಿಕರ ರಕ್ತವನ್ನು ಈಗ ಮಗುವಿಗೆ ಹಾಕಿಸಬೇಡಿ.

ದಾನಿಯ ಕೋಶಗಳು ಮಗುವಿನ ದೇಹವನ್ನೇ ಪರಕೀಯವೆಂದು ತಿಳಿದು ದಾಳಿ ಮಾಡುವ ಜಿವಿಎಚ್‌ಡಿ ನಮ್ಮ ಮಗನಲ್ಲಿ ಕಾಣಿಸಿಕೊಂಡದ್ದು ಅಂಗೈಯಲ್ಲಿ. ಬೆಳಿಗ್ಗೆ ಅಂಗೈ ಕೆಂಪಾಗಿ ತುರಿಸುತ್ತಿತ್ತು. ಸಂಜೆಯ ಹೊತ್ತಿಗೆ ಕಿವಿಯ ಹಿಂದೆಯೂ ಅಂಗಾಲಿನಲ್ಲಿಯೂ ಹರಡಿತ್ತು. ಅಂದೇ ತಿಳಿಸಿದ್ದರಿಂದ ಸ್ಟೆರಾಯ್ಡ್ ಬೇಗ ಶುರುವಾಯಿತು. ಕರುಳಿಗೆ ಬಂದರೆ ನೀರಿನಂತಹ ಭೇದಿಯಾಗುತ್ತದೆ, ಯಕೃತ್ತಿಗೆ ಬಂದರೆ ರಕ್ತದಲ್ಲಿ ಬಿಲಿರುಬಿನ್ (ಕಾಮಾಲೆ ತರುವ ಹಳದಿ ವಸ್ತು) ಏರುತ್ತದೆ. ಭೇದಿಯಾದರೆ ಎಷ್ಟಾಯಿತೆಂದು ಅಳೆದು ಬರೆದಿಡಿ, ಏಕೆಂದರೆ ತೀವ್ರತೆಯನ್ನು ಅಳೆಯುವಾಗ ವೈದ್ಯರು ಆ ಪ್ರಮಾಣವನ್ನೇ ನೋಡುತ್ತಾರೆ.

ಉತ್ತರ 2: ನನಗೆ ರಕ್ತದ ಕ್ಯಾನ್ಸರ್‌ಗೆ ತಂಗಿಯಿಂದ ಕಸಿಯಾಗಿದೆ. ‘ಸ್ವಲ್ಪ ಜಿವಿಎಚ್‌ಡಿ ಬಂದರೆ ಒಳ್ಳೆಯದೇ’ ಎಂದು ನಮ್ಮಂಥವರು ಹೇಳುವುದನ್ನು ನೀವು ಕೇಳಿರಬಹುದು. ದಾನಿಯ ಕೋಶಗಳು ಉಳಿದ ಕ್ಯಾನ್ಸರ್ ಕೋಶಗಳನ್ನೂ ಕೊಲ್ಲುತ್ತವೆ ಎಂಬುದು ಆ ಮಾತಿಗೆ ಆಧಾರ. ಥಲಸ್ಸೀಮಿಯಾದಲ್ಲಿ ಕೊಲ್ಲಬೇಕಾದ ಕ್ಯಾನ್ಸರ್ ಇಲ್ಲದಿರುವುದರಿಂದ ಮಗುವಿಗೆ ಅದರಿಂದ ಯಾವ ಲಾಭವೂ ಇಲ್ಲ. ಆ ಮಾತು ನಂಬಿ ದಯವಿಟ್ಟು ಒಂದು ದಿನವೂ ಕಾಯಬೇಡಿ. ಜಿವಿಎಚ್‌ಡಿ ತಡೆಯಲು ಕೊಡುವ ಸೈಕ್ಲೋಸ್ಪೊರಿನ್ ಔಷಧಿಯ ಮಟ್ಟವನ್ನು ರಕ್ತದಲ್ಲಿ ನೋಡುವ ದಿನ ಬೆಳಗಿನ ಡೋಸನ್ನು ರಕ್ತ ತೆಗೆದ ಮೇಲೆಯೇ ಕೊಡಿ. ದೇವನಹಳ್ಳಿ ಕಡೆಯ ನೆಂಟರು ಚಕ್ಕೋತ ತಂದರೆ ಮಗುವಿಗೆ ಕೊಡಬೇಡಿ, ಅದು ರಕ್ತದಲ್ಲಿ ಈ ಔಷಧಿಯ ಮಟ್ಟವನ್ನು ಏರಿಸುತ್ತದೆ. ಕಸಿಯ ನಂತರದ ಮೊದಲ 100 ದಿನ ದಾಟಿದ ಮೇಲೂ ಕಣ್ಣು, ಬಾಯಿ ಒಣಗುತ್ತಿದ್ದರೆ ತೋರಿಸಿ, ಅದೂ ಜಿವಿಎಚ್‌ಡಿ ಇರಬಹುದು. ನನಗೆ ಈಗಲೂ ಕಣ್ಣಿಗೆ ಹನಿ ಬೇಕು.

ಉತ್ತರ 1, ಮತ್ತೆ: ರಕ್ತದ ಗುಂಪು ಬೇರೆಯಾದರೂ ಕಸಿ ಮಾಡುತ್ತಾರೆ. ಕಸಿ ಹಿಡಿದ ಮೇಲೆ ನಿಧಾನವಾಗಿ ಮಗಳ ಗುಂಪು ತಂದೆಯದಾಗುತ್ತದೆ. ವೈದ್ಯರು ಖಚಿತಪಡಿಸಿದ ಬಳಿಕ ಶಾಲೆಯ ಗುರುತಿನ ಚೀಟಿಯಲ್ಲೂ ಅದನ್ನು ಬದಲಿಸಿ.