ಸಹಾಯ ಬೇಕು: ಮನೆಯೊಳಗೆ ಬೇಕು–ಬೇಡ ಹೇಳುವ ಜಪಾನಿ ಮಾತುಗಳು

ನಮಸ್ಕಾರ. ಮುಂದಿನ ತಿಂಗಳಿನಿಂದ ಕ್ಯೋಟೋದ ಒಂದು ಕುಟುಂಬದ ಜೊತೆ ಆರು ತಿಂಗಳು ಇರುತ್ತೇನೆ. ಮನೆಯೊಡತಿ ಹಿರಿಯರು, ಇಂಗ್ಲಿಷ್ ಬಾರದು. ಮಂಚಕ್ಕಿಂತ ಹಾಸಿಗೆ ಇಷ್ಟ ಎನ್ನಲು ‘ಬೆಡ್ಡೊ ಯೋರಿ ಫುತೋನ್ ನೋ ಹೋ ಗಾ ಸುಕಿ ದೆಸು’ ಎಂದು ಕಲಿತಿದ್ದೇನೆ. ನಮ್ಮ ‘ನನಗೆ ಇದು ಇಷ್ಟ’ದಂತೆ ಅಲ್ಲಿಯೂ ಇಷ್ಟದ ವಸ್ತು ಕರ್ಮವಾಗುವುದಿಲ್ಲ, ಹಾಗಾಗಿ ಸುಲಭವಾಯಿತು.

ಕಷ್ಟವಿರುವುದು ಬೇಡ ಎನ್ನುವುದರಲ್ಲಿ. ‘ಕಿರಾಯ್ ದೆಸು’ (ಇಷ್ಟವಿಲ್ಲ) ಒರಟು, ‘ಚೊತ್ತೊ ನಿಗಾತೆ ದೆಸು’ (ಸ್ವಲ್ಪ ಒಗ್ಗುವುದಿಲ್ಲ) ಮೃದು ಎಂದು ಓದಿದೆ. ಆದರೆ ನಾನು ಸಸ್ಯಾಹಾರಿ. ಮಿಸೊ (ಹುದುಗಿಸಿದ ಸೋಯಾ ಹಿಟ್ಟು) ಸಾರಿಗೆ ಬಳಸುವ ದಾಶಿ ಎಂಬ ಮೂಲ ರಸದಲ್ಲಿಯೂ ಸಾಮಾನ್ಯವಾಗಿ ಒಣಮೀನು ಇರುತ್ತದೆ. ‘ನಿಗಾತೆ’ ಎಂದರೆ ಸ್ವಲ್ಪ ತಿನ್ನಬಹುದು ಎಂದುಕೊಂಡಾರೇ? ಪ್ರೀತಿಯಿಂದ ಬಡಿಸುವವರ ಮನಸ್ಸು ನೋಯದಂತೆ ಹೇಗೆ ಹೇಳಲಿ? ಸ್ನಾನದ ನೀರು ತೀರಾ ಬಿಸಿ ಎನ್ನಲು? ಜಪಾನಿನಲ್ಲಿರುವವರು ದಯವಿಟ್ಟು ವಾಕ್ಯಗಳನ್ನು ಕನ್ನಡ ಲಿಪಿಯಲ್ಲಿಯೇ ಬರೆದು ತಿಳಿಸಿ.